ಮೈ ದಣಿದ ಮೇಲೆ ಬರುವ ಮಾತು

ಸ್ಕಾಟ್ಲೆಂಡಿನ ಗಂಡಸರ ಬೊಜ್ಜು ಇಳಿಸುವ ಬಗೆ ಹೇಗೆಂದು ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ತಲೆ ಕೆಡಿಸಿಕೊಂಡಿದ್ದಾಗ ಎದುರಾದ ಮೊದಲ ತೊಡಕು ಊಟದ್ದೂ ಅಲ್ಲ, ವ್ಯಾಯಾಮದ್ದೂ ಅಲ್ಲ. ಗಂಡಸರು ಬರುವುದೇ ಇಲ್ಲ ಎಂಬುದು. ತೂಕ ಇಳಿಸುವ ತರಗತಿಗಳಿಗೆ ಸೇರುತ್ತಿದ್ದವರಲ್ಲಿ ಬಹುಪಾಲು ಹೆಂಗಸರು. ನಲವತ್ತೈದು ದಾಟಿದ ಗಂಡಸಿಗೆ ಹೊಟ್ಟೆ ಮುಂದೆ ಬಂದಿದೆ, ಎರಡು ಮಹಡಿ ಹತ್ತಿದರೆ ಏದುಸಿರು, ಡಾಕ್ಟರು ಎಚ್ಚರಿಕೆ ಕೊಟ್ಟಾಗಿದೆ. ಆದರೂ ಆತ ಆ ಕಡೆ ತಲೆ ಹಾಕುವುದಿಲ್ಲ. ಅದೇ ಮನುಷ್ಯ ಪಂದ್ಯದ ದಿನ ಬಂತೆಂದರೆ ಮಳೆ ಗಾಳಿ ಲೆಕ್ಕಿಸದೆ ತನ್ನ ಫುಟ್‌ಬಾಲ್ ಕ್ಲಬ್ಬಿನ ಆಟ ನೋಡಲು ಹೊರಡುತ್ತಾನೆ. ಎಷ್ಟೋ ಮನೆಗಳಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಒಂದೇ ಕ್ಲಬ್ಬಿನ ಅಭಿಮಾನ. ಹಾಗಾದರೆ ಇವರನ್ನು ಆಸ್ಪತ್ರೆಗೆ ಕರೆಯುವ ಬದಲು ಕ್ರೀಡಾಂಗಣಕ್ಕೇ ಕರೆದರೆ ಹೇಗೆ?

ಈ ಯೋಚನೆಯಿಂದ ಹುಟ್ಟಿದ್ದು ‘ಫುಟ್‌ಬಾಲ್ ಫ್ಯಾನ್ಸ್ ಇನ್ ಟ್ರೈನಿಂಗ್’ ಎಂಬ ಕಾರ್ಯಕ್ರಮ. ಕೇಟ್ ಹಂಟ್, ಸ್ಯಾಲಿ ವೈಕ್, ಸಿಂಡಿ ಗ್ರೇ ಮೊದಲಾದವರ ತಂಡ ಅದನ್ನು ಸ್ಕಾಟ್ಲೆಂಡಿನ 13 ವೃತ್ತಿಪರ ಕ್ಲಬ್ಬುಗಳಲ್ಲಿ ಪರೀಕ್ಷೆಗೆ ಒಡ್ಡಿತು. 35ರಿಂದ 65 ವರ್ಷದೊಳಗಿನ, ತೂಕ ಮಿತಿ ಮೀರಿದ್ದ 747 ಗಂಡಸರು ಸೇರಿದರು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತುವ ಕ್ರಮದಲ್ಲಿ ತೀರ್ಮಾನಿಸಿ, ಅರ್ಧ ಜನರನ್ನು ಕೂಡಲೇ ಸೇರಿಸಿಕೊಂಡು ಉಳಿದವರನ್ನು ಒಂದು ವರ್ಷ ಕಾಯಿಸಲಾಯಿತು. 2014ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ವರ್ಷದ ಕೊನೆಗೆ ಕಾರ್ಯಕ್ರಮದಲ್ಲಿ ಇದ್ದವರ ತೂಕ ಸರಾಸರಿ 5.56 ಕಿಲೋ ಇಳಿದಿತ್ತು, ಕಾಯುತ್ತಿದ್ದವರದು 0.58 ಕಿಲೋ. ಸೊಂಟದ ಸುತ್ತಳತೆ, ರಕ್ತದೊತ್ತಡಗಳೂ ತಗ್ಗಿದ್ದವು. ಈ ಅಧ್ಯಾಯಕ್ಕೆ ಬೇಕಾದ ಸಂಗತಿ ಮಾತ್ರ ಬೇರೆ ಕಡೆ ಇದೆ. ತನ್ನ ಬಗ್ಗೆ ತನಗಿರುವ ಗೌರವ ಎಷ್ಟು, ದಿನಗಳು ಎಂಥ ಮನಃಸ್ಥಿತಿಯಲ್ಲಿ ಕಳೆಯುತ್ತಿವೆ ಎಂದು ಅಳೆಯುವ ಪ್ರಶ್ನೆಗಳಿಗೆ ಕೊಟ್ಟ ಉತ್ತರದಲ್ಲೂ ಅವರು ಸುಧಾರಿಸಿದ್ದರು. ಯಾರೂ ಅವರನ್ನು ಕೂರಿಸಿಕೊಂಡು ಆಪ್ತಸಮಾಲೋಚನೆ ಮಾಡಿರಲಿಲ್ಲ. ಬಂದದ್ದು ಹೊಟ್ಟೆ ಕರಗಿಸಲು, ಹಗುರಾದದ್ದು ಮನಸ್ಸೂ ಕೂಡ.

ಅಲ್ಲಿ ನಡೆಯುತ್ತಿದ್ದುದಾದರೂ ಏನು? ವಾರಕ್ಕೊಂದು ಸಲ ಒಂದೂವರೆ ಗಂಟೆ, ಹೀಗೆ 12 ವಾರ. ಒಂದು ಗುಂಪಿನಲ್ಲಿ ಹೆಚ್ಚೆಂದರೆ 30 ಜನ. ಹೇಳಿಕೊಡುವವರು ಕ್ಲಬ್ಬಿನ ತರಬೇತುದಾರರೇ. ತಾನು ಗ್ಯಾಲರಿಯಲ್ಲಿ ಕೂತು ದೂರದಿಂದ ನೋಡುತ್ತಿದ್ದ ಮೈದಾನದ ಅಂಚಿನಲ್ಲಿ ಈಗ ತಾನೇ ಹೆಜ್ಜೆ ಹಾಕಬೇಕು. ಆಟಗಾರರು ಬಟ್ಟೆ ಬದಲಿಸುವ ಕೋಣೆಯೊಳಗೂ ಕರೆದುಕೊಂಡು ಹೋಗುತ್ತಾರೆ. ಅಭಿಮಾನಿಗೆ ಅದು ಸಣ್ಣ ಸಂಗತಿಯಲ್ಲ. ಪ್ರತಿಯೊಬ್ಬನ ಸೊಂಟಕ್ಕೂ ಹೆಜ್ಜೆ ಎಣಿಸುವ ಪುಟ್ಟ ಯಂತ್ರ; ಈ ವಾರ ಎಷ್ಟು ನಡೆಯುತ್ತೇನೆ ಎಂಬ ಗುರಿಯನ್ನು ಅವನೇ ಹಾಕಿಕೊಳ್ಳಬೇಕು. ಮೊದಮೊದಲ ವಾರಗಳಲ್ಲಿ ಕೂತು ಮಾತಾಡುವ ಹೊತ್ತು ಹೆಚ್ಚು, ಮೈ ಬಗ್ಗಿಸುವ ಹೊತ್ತು ಕಡಿಮೆ. ಹೋಗ್ತಾ ಹೋಗ್ತಾ ವ್ಯಾಯಾಮ ಹೆಚ್ಚುತ್ತದೆ. ತಟ್ಟೆಯಲ್ಲಿ ಎಷ್ಟು ಬಡಿಸಿಕೊಳ್ಳುತ್ತೇವೆ, ವಾರಕ್ಕೆ ಎಷ್ಟು ಬಿಯರ್ ಕುಡಿಯುತ್ತೇವೆ ಎಂಬ ಮಾತುಗಳು ಅಲ್ಲಿ ಉಪದೇಶವಾಗಿ ಬರುತ್ತಿರಲಿಲ್ಲ. ಒಬ್ಬರನ್ನೊಬ್ಬರು ಕಿಚಾಯಿಸುತ್ತ, ನಗುತ್ತ ಬರುತ್ತಿದ್ದವು.

ಭಾಗವಹಿಸಿದವರನ್ನು ಸಂಶೋಧಕರು ಮುಂದೆ ಮಾತಾಡಿಸಿದಾಗ ಮತ್ತೆ ಮತ್ತೆ ಕೇಳಿಬಂದ ಮಾತು, ಅಲ್ಲಿದ್ದವರೆಲ್ಲ ನನ್ನಂಥವರೇ ಎಂಬುದು. ಅದೇ ವಯಸ್ಸು, ಅದೇ ಹೊಟ್ಟೆ, ಅದೇ ಕ್ಲಬ್ಬು. ಜಿಮ್ಮಿನ ಕನ್ನಡಿಯೆದುರು ಇಪ್ಪತ್ತೈದರ ಹುಡುಗರ ನಡುವೆ ನಿಂತಾಗಿನ ಮುಜುಗರ ಇಲ್ಲಿರಲಿಲ್ಲ. ನಾಚಿಕೆ ಬಿಟ್ಟುಹೋದ ಕಡೆ ಮಾತು ತಾನಾಗಿ ಹೊರಡುತ್ತದೆ.

ಒಟ್ಟಾಗಿ ಬೆವರಿದಾಗ

ಗಂಡಸರ ಮಾತು ಎದುರು ಬದುರು ಕೂತಾಗ ಕಟ್ಟಿಕೊಳ್ಳುವುದೂ ಪಕ್ಕಪಕ್ಕದಲ್ಲಿ ಕೆಲಸ ಮಾಡುತ್ತಿರುವಾಗ ಬಿಚ್ಚಿಕೊಳ್ಳುವುದೂ ನಮ್ಮೆಲ್ಲರಿಗೂ ಗೊತ್ತಿರುವ ವಿಷಯ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಶುರುವಾದ ‘ಮೆನ್ಸ್ ಶೆಡ್’ಗಳು ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ. ನಿವೃತ್ತರಾದ ಗಂಡಸರು ಒಂದು ಕೊಟ್ಟಿಗೆಯಲ್ಲಿ ಸೇರಿ ಮರಗೆಲಸ, ರಿಪೇರಿ ಮಾಡುತ್ತಾರೆ. ಕೈ ಕೆಲಸದಲ್ಲಿರುವಾಗ ಮನೆಯ ಕಷ್ಟವೂ ಬಾಯಿಗೆ ಬರುತ್ತದೆ. ವ್ಯಾಯಾಮ ಇದಕ್ಕೆ ಇನ್ನೊಂದನ್ನು ಸೇರಿಸುತ್ತದೆ, ದೇಹದೊಳಗಿನ ಬದಲಾವಣೆಯನ್ನು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಹುಟ್ಟು ಹಾಕುವ ತಂಡದ 12 ಯುವಕರ ಮೇಲೆ ಎಮ್ಮಾ ಕೋಹೆನ್, ರಾಬಿನ್ ಡನ್ಬಾರ್ ಮತ್ತು ಜೊತೆಗಾರರು ಮಾಡಿದ ಒಂದು ಸಣ್ಣ ಪ್ರಯೋಗವಿದೆ, 2010ರಲ್ಲಿ ಪ್ರಕಟವಾಯಿತು. ಹುಟ್ಟು ಹಾಕುವ ಯಂತ್ರದ ಮೇಲೆ 45 ನಿಮಿಷ ಒಮ್ಮೆ ಒಬ್ಬೊಬ್ಬರೇ, ಇನ್ನೊಮ್ಮೆ ತಂಡವಾಗಿ ಒಂದೇ ಲಯದಲ್ಲಿ ಕಸರತ್ತು ಮಾಡಿದರು. ಮುಗಿದ ಮೇಲೆ ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ, ಗಾಳಿ ತುಂಬುತ್ತ ಹೋಗಿ, ನೋವು ಶುರುವಾಯಿತು ಎಂದು ಹೇಳಿದ ಕ್ಷಣದ ಒತ್ತಡವನ್ನು ಬರೆದುಕೊಂಡರು. ಎರಡೂ ಸಲ ಹಾಕಿದ ಶ್ರಮ ಒಂದೇ. ಆದರೆ ತಂಡದೊಂದಿಗೆ ಮಾಡಿದ ದಿನ ಅವರು ಹೆಚ್ಚು ಒತ್ತಡ ತಾಳಿಕೊಂಡರು. ನೋವನ್ನು ಮಂಕಾಗಿಸಿ ಹಿತವೆನಿಸುವ ಎಂಡಾರ್ಫಿನ್ ಎಂಬ ರಾಸಾಯನಿಕಗಳು ಜೊತೆಗೂಡಿ ಬೆವರಿದಾಗ ಹೆಚ್ಚು ಒಸರುತ್ತವೆ ಎಂಬುದು ಸಂಶೋಧಕರ ವಿವರಣೆ. ಹನ್ನೆರಡು ಜನರ ಪ್ರಯೋಗದ ಮೇಲೆ ದೊಡ್ಡ ತೀರ್ಮಾನ ಕಟ್ಟಬಾರದು, ನಿಜ. ಆದರೂ ನಾಟಿ ಮಾಡುವವರು, ತೇರು ಎಳೆಯುವವರು, ಕೋಲಾಟದವರು ಲಯ ಹಿಡಿದಾಗ ದಣಿವು ಮರೆಯುವುದನ್ನು ಕಂಡವರಿಗೆ ಇದು ಹೊಸದೆನಿಸದು.

ಖಿನ್ನತೆಯ ವಿಷಯದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂತಾಲ್ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನ ಹೆಸರುವಾಸಿ. 50 ದಾಟಿದ, ಖಿನ್ನತೆಯಿಂದ ಬಳಲುತ್ತಿದ್ದ 156 ಮಂದಿ ಹೆಂಗಸರು ಗಂಡಸರಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಸರ್ಟ್ರಲಿನ್ ಮಾತ್ರೆ, ಕೆಲವರಿಗೆ ಎರಡೂ. 16 ವಾರದ ಕೊನೆಗೆ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಚೇತರಿಸಿಕೊಂಡಿದ್ದರು. ಮಾತ್ರೆ ಮಾತ್ರ ಶುರುವಿನಲ್ಲಿ ಬೇಗ ಕೆಲಸ ಮಾಡಿತು. ಅಲ್ಲಿ ವ್ಯಾಯಾಮವನ್ನು ಗುಂಪಿನಲ್ಲಿ ಮಾಡಿಸಿದ್ದರು. ಹಾಗಾಗಿ ಗುಣದಲ್ಲಿ ಎಷ್ಟು ಪಾಲು ಬೆವರಿನದು, ಎಷ್ಟು ಪಾಲು ಒಡನಾಟದ್ದು ಎಂದು ಬಿಡಿಸಿ ಹೇಳಲಾಗದು. ಇದನ್ನು ಓದಿ ಯಾರೂ ತಾವು ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಆ ತೀರ್ಮಾನ ವೈದ್ಯರದು.

ಸುಮ್ಮನಿರುವುದರ ಬೆಲೆ

ಅಳುವ ಗಂಡಸನ್ನು ನಂಬಬಾರದು ಎಂಬ ಗಾದೆ ಕೇಳಿ ಬೆಳೆದವರು ನಾವು. ಅದರ ಬೆಲೆ ಎಷ್ಟೆಂಬುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪುಟಗಳನ್ನು ನೋಡಬೇಕು. 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಅವರಲ್ಲಿ 1,22,724 ಜನ ಗಂಡಸರು. ನೂರಕ್ಕೆ ಸುಮಾರು ಎಪ್ಪತ್ತೆರಡು. ಉದ್ಯೋಗವಾರು ವಿಂಗಡಿಸಿದರೆ ದಿನಗೂಲಿಯವರದೇ ದೊಡ್ಡ ಪಾಲು. ಸಾಲ, ಕುಡಿತ, ಸಂಸಾರದ ಜಗಳ, ಕಾಯಿಲೆ ಹೀಗೆ ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ; ಮಾತಾಡದಿರುವುದೊಂದೇ ಕಾರಣವೆಂದರೆ ಸುಳ್ಳಾಗುತ್ತದೆ. ಆದರೆ ಕಷ್ಟದಲ್ಲಿರುವ ಹೊತ್ತಿಗೆ ಮಾತಿಗೊಬ್ಬರು ಸಿಗದೆ ಹೋದರೆ ಉಳಿದೆಲ್ಲವೂ ಇನ್ನಷ್ಟು ಭಾರವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಿರುವ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ. ಡಾಕ್ಟರ ಬಾಗಿಲಿಗೆ ಬಾರದ ಇವರನ್ನು ಎಲ್ಲಿ ಕಾಣಬೇಕು? ಅವರು ಈಗಾಗಲೇ ಸೇರುವ ಜಾಗದಲ್ಲಿ.

ಅಂಥ ಜಾಗಗಳು ನಮ್ಮಲ್ಲಿ ಇಲ್ಲದಿಲ್ಲ. ಮೈಸೂರಿನ ಗರಡಿಮನೆಗಳನ್ನೇ ನೋಡಿ. ಬೆಳಗಿನ ಜಾವ ಮಟ್ಟಿಯ ಕೆಂಪು ಮಣ್ಣನ್ನು ಅಗೆದು ಹದ ಮಾಡುವುದು, ಸಾಲಾಗಿ ದಂಡ ಬಸ್ಕಿ ಹೊಡೆಯುವುದು, ಒಬ್ಬರ ಬೆನ್ನಿಗೆ ಇನ್ನೊಬ್ಬರು ಎಣ್ಣೆ ತಿಕ್ಕುವುದು. ಗಂಡಸರು ಸಂಕೋಚವಿಲ್ಲದೆ ಒಬ್ಬರನ್ನೊಬ್ಬರು ಮುಟ್ಟುವ, ಆರೈಕೆ ಮಾಡುವ ಕೆಲವೇ ತಾಣಗಳಲ್ಲಿ ಗರಡಿ ಒಂದು. ಸೋತವನ ಮೈ ಮಣ್ಣು ಒರೆಸುವುದೂ ಅಲ್ಲಿ ಕಲಿಕೆಯ ಭಾಗ. ಇಷ್ಟಿದ್ದೂ ಗರಡಿಯ ಕಟ್ಟಲೆ ಕಟ್ಟಲೆಯೇ: ಉಸ್ತಾದರ ಮುಂದೆ ಎದುರಾಡುವಂತಿಲ್ಲ, ನೋವಾದರೆ ಹಲ್ಲು ಕಚ್ಚಿ ತಾಳಬೇಕು. ಮೈಗೆ ಬೇಕಾದ ಆ ಪಾಠ ಮನಸ್ಸಿಗೂ ಅಂಟಿಕೊಂಡುಬಿಡುತ್ತದೆ. ಒಟ್ಟಿಗೆ ಬೆವರಿದ ಮಾತ್ರಕ್ಕೆ ಮಾತು ಹುಟ್ಟುತ್ತದೆ ಎಂಬ ಭರವಸೆ ಸಾಲದು ಎಂದು ನಾನು ಹೇಳುವುದು ಇದಕ್ಕೇ. ಮಾತಿಗೆ ಬೇರೆಯಾಗಿ ಹೊತ್ತು ಇಡಬೇಕು.

ಹಾಗೆ ಹೊತ್ತು ಇಟ್ಟವರು ಅಮೆರಿಕದ ‘ಎಫ್3’ ಗುಂಪಿನವರು. 2011ರ ಹೊಸ ವರ್ಷದ ದಿನ ನಾರ್ತ್ ಕೆರೊಲೈನಾದ ಷಾರ್ಲಟ್ ನಗರದಲ್ಲಿ ಡೇವಿಡ್ ರೆಡಿಂಗ್, ಟಿಮ್ ವಿಟ್ಮೈರ್ ಇಬ್ಬರೂ ಇದನ್ನು ಆರಂಭಿಸಿದರು. ಕಾಸಿಲ್ಲ, ಯಾವ ಗಂಡಸಾದರೂ ಬರಬಹುದು, ಮಳೆಯಾದರೂ ಚಳಿಯಾದರೂ ಬಯಲಲ್ಲೇ, ಮುಂದಾಳು ಸರದಿಯಂತೆ ಬದಲಾಗಬೇಕು, ಕೊನೆಗೆ ದುಂಡಗೆ ನಿಂತು ಮುಗಿಸಬೇಕು. ಮೊದಲ ದಿನ ಬಂದವನಿಗೆ ಒಂದು ಅಡ್ಡಹೆಸರು ಇಡುತ್ತಾರೆ. ಕಡೆಯ ಆ ವೃತ್ತದಲ್ಲಿ ಒಬ್ಬೊಬ್ಬನೂ ತನ್ನ ನಿಜವಾದ ಹೆಸರು, ವಯಸ್ಸು, ಅಡ್ಡಹೆಸರು ಹೇಳುತ್ತಾನೆ. ಯಾರದಾದರೂ ಮನೆಯಲ್ಲಿ ಕಾಯಿಲೆ ಇದ್ದರೆ, ಕೆಲಸ ಹೋಗಿದ್ದರೆ ಅಲ್ಲೇ ಹೇಳಿಕೊಳ್ಳುತ್ತಾನೆ. ದಣಿದು, ಬೆವರು ಒರೆಸಿಕೊಳ್ಳುತ್ತ ನಿಂತವನಿಗೆ ಠೀವಿ ಉಳಿದಿರುವುದಿಲ್ಲ. ಮುಂದಾಳು ಸರದಿಯಂತೆ ಬದಲಾಗುವ ನಿಯಮವನ್ನು ನಾನು ತುಂಬ ಮೆಚ್ಚುತ್ತೇನೆ. ನಿನ್ನೆ ಹಿಂದೆ ಉಳಿದವನು ಇಂದು ಮುಂದೆ ನಿಂತು ಲೆಕ್ಕ ಹೇಳುತ್ತಾನೆ, ತಾನೂ ಬೇಕಾದವನು ಎಂಬುದು ಅವನಿಗೆ ಬೇರಾರೂ ಹೇಳದೆ ತಿಳಿಯುತ್ತದೆ. ಕೊರತೆಯೂ ಇದೆ. ನಸುಕಿನ ಸೇನಾ ಶೈಲಿಯ ಕಸರತ್ತು ಮಂಡಿ ನೋವಿನವರಿಗೆ, ವಯಸ್ಸಾದವರಿಗೆ ಹೊಂದುವುದಿಲ್ಲ. ತರಬೇತಿ ಪಡೆದವರು ಬೇಕಿಲ್ಲ ಎಂಬ ನಿಯಮದಿಂದ ಗುಂಪು ಸುಲಭವಾಗಿ ಹರಡಿತು, ಆದರೆ ಒಬ್ಬ ನಿಜಕ್ಕೂ ಕುಸಿಯುತ್ತಿದ್ದಾನೆ ಎನ್ನುವಾಗ ಏನು ಮಾಡಬೇಕೆಂದು ಬಲ್ಲವರು ಅಲ್ಲಿ ಇರುತ್ತಾರೆಂದು ಹೇಳಲಾಗದು.

ನಿಮ್ಮೂರಲ್ಲಿ ಶುರು ಮಾಡುವುದಾದರೆ

ಜಿಮ್ಮು ಬೇಕಿಲ್ಲ. ಶಾಲೆಯ ಮೈದಾನ, ಕೆರೆ ಏರಿ, ಬಡಾವಣೆಯ ಪಾರ್ಕು, ಯಾವುದಾದರೂ ಸರಿ. ವಾರ, ವೇಳೆ, ಜಾಗ ಬದಲಾಗಬಾರದು. ಎಂಟರಿಂದ ಹನ್ನೆರಡು ಜನರಿದ್ದರೆ ಎಲ್ಲರಿಗೂ ಮಾತಾಡಲು ಸಮಯ ಸಿಗುತ್ತದೆ. ಎದೆನೋವು, ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಮೊದಲು ಡಾಕ್ಟರನ್ನು ಕಂಡು ಬರಲಿ. ಮುಕ್ಕಾಲು ಗಂಟೆ ನಡಿಗೆ, ಬಸ್ಕಿ, ಕಬಡ್ಡಿ ಏನಾದರೂ ಆಗಲಿ, ಗುಂಪಿನಲ್ಲಿ ಅತಿ ನಿಧಾನದವನ ವೇಗಕ್ಕೆ ಹೊಂದಿಕೊಂಡು. ಆಮೇಲೆ ಇಪ್ಪತ್ತು ನಿಮಿಷ ದುಂಡಗೆ ಕೂರಬೇಕು. ಈ ಇಪ್ಪತ್ತು ನಿಮಿಷವನ್ನು ಹೊತ್ತಾಯಿತೆಂದು ಕತ್ತರಿಸಿದರೆ ಉಳಿಯುವುದು ಬರೀ ವಾಕಿಂಗ್.

ಕೂತಾಗ ಕೇಳುವ ಪ್ರಶ್ನೆ ಸರಳವಾಗಿರಲಿ: ಈ ವಾರ ಯಾವುದು ಭಾರ ಅನ್ನಿಸಿತು? ಬೇಡವೆನಿಸಿದವರು ಸುಮ್ಮನಿರಬಹುದು. ಒಬ್ಬ, “ರಾತ್ರಿ ನಿದ್ದೆ ಹತ್ತುತ್ತಿಲ್ಲ ಕಣಣ್ಣಾ, ಅಂಗಡಿ ಬಾಡಿಗೆ ಮೂರು ತಿಂಗಳಿಂದ ಕಟ್ಟಿಲ್ಲ” ಅಂದ ಎಂದಿಟ್ಟುಕೊಳ್ಳಿ. ಕೂಡಲೇ ನಾಲ್ಕು ಕಡೆಯಿಂದ ಸಲಹೆ ಬೀಳುತ್ತದೆ: ಸಾಲ ತೆಗಿ, ಅಂಗಡಿ ಬಿಡು, ದೇವರಿಗೆ ಹರಕೆ ಹೊರು. ಇದನ್ನು ತಡೆಯುವುದೇ ಗುಂಪಿನ ಅತಿ ಕಷ್ಟದ ಕೆಲಸ. “ಮನೇಲಿ ಗೊತ್ತಾ? ಎಷ್ಟು ದಿನದಿಂದ ಹೀಗಿದೆ?” ಎಂದು ಒಬ್ಬರು ಕೇಳಿ ಉಳಿದವರು ಕಿವಿಗೊಟ್ಟರೆ ಆತ ಇನ್ನೂ ಎರಡು ಮಾತು ಹೇಳುತ್ತಾನೆ. ಸಲಹೆ ಬೇಕಿದ್ದರೆ ಅವನೇ ಕೇಳಲಿ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು, ವಾಟ್ಸಾಪ್ ಗುಂಪಿಗೂ ಹಾಕಬಾರದು. ತೂಕ, ಬೋಳುತಲೆ, ಸಂಬಳದ ಬಗ್ಗೆ ಹೀಯಾಳಿಸುವುದು ಕಿಚಾಯಿಸುವುದಾಗುವುದಿಲ್ಲ. ಸ್ಕಾಟ್ಲೆಂಡಿನ ಗುಂಪುಗಳಲ್ಲಿ ತಮಾಷೆ ನಡೆಯಿತೆಂದರೆ ಅಲ್ಲಿ ಎಲ್ಲರ ಹೊಟ್ಟೆಯೂ ಒಂದೇ ಆಗಿತ್ತು.

ಕೆಲವೊಮ್ಮೆ ಗುಂಪಿನ ಕೈ ಮೀರಿದ ಮಾತೂ ಬರಬಹುದು. ಬದುಕಿ ಏನು ಪ್ರಯೋಜನ ಎಂದು ಒಬ್ಬ ಅಂದರೆ ನಕ್ಕು ತೇಲಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ನಂಬಿಕೆ. ಹೌದೆಂದರೆ ಆ ಹೊತ್ತು ಅವನನ್ನು ಒಬ್ಬನೇ ಬಿಡದೆ, ಮನೆಯವರಿಗೆ ತಿಳಿಸಿ, ಹತ್ತಿರದ ಆಸ್ಪತ್ರೆಗೆ ಗುಂಪಿನವರೊಬ್ಬರು ಜೊತೆಯಲ್ಲಿ ಹೋಗಬೇಕು. ಕೇಳಿದ್ದನ್ನು ಹೊರಗೆ ಹೇಳಬಾರದೆಂಬ ನಿಯಮ ಇಲ್ಲಿ ಅನ್ವಯಿಸುವುದಿಲ್ಲ, ಇದನ್ನು ಎಲ್ಲರಿಗೂ ಮೊದಲ ದಿನವೇ ಹೇಳಿರಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ತನಗಾಗಿ ಮಾತ್ರವಲ್ಲ, ಗೆಳೆಯನ ಬಗ್ಗೆ ಏನು ಮಾಡಬೇಕೆಂದು ತಿಳಿಯದವರೂ ಕರೆ ಮಾಡಿ ಕೇಳಬಹುದು.