ಕೊಬ್ಬರಿ ಎಣ್ಣೆಯ ರಸೀದಿಯಿಂದ ಹುಟ್ಟಿದ ಇಟಿಎಫ್

‘ಚಿನ್ನ, ಬೆಳ್ಳಿಗೆ ಇಟಿಎಫ್ ಇವೆ. ಕಚ್ಚಾ ತೈಲಕ್ಕೆ ನಮ್ಮಲ್ಲಿ ಯಾಕಿಲ್ಲ?’ ಓದುಗರೊಬ್ಬರ ಪ್ರಶ್ನೆ. ಉತ್ತರ ಹುಡುಕಲು ಗೋದಾಮಿಗೆ ಹೋಗಬೇಕು.

ಅಮೆರಿಕದ ನೇಥನ್ ಮೋಸ್ಟ್ ಭೌತವಿಜ್ಞಾನ ಓದಿದವರು. ಷೇರುಪೇಟೆಗೆ ಬರುವ ಮೊದಲು ಏಷ್ಯಾದ ಕೊಬ್ಬರಿ ಎಣ್ಣೆಯ ವ್ಯಾಪಾರದಲ್ಲಿದ್ದರು. ಆ ವ್ಯಾಪಾರದಲ್ಲಿ ಎಣ್ಣೆ ಟ್ಯಾಂಕಿನಲ್ಲೇ ಇರುತ್ತದೆ, ಗೋದಾಮಿನ ರಸೀದಿ ಮಾತ್ರ ಕೈಯಿಂದ ಕೈಗೆ ಹೋಗುತ್ತದೆ. ರಸೀದಿಯನ್ನು ಮಾರಬಹುದು, ಒತ್ತೆಯಿಟ್ಟು ಸಾಲ ತರಬಹುದು. ಸೊಸೈಟಿಯಲ್ಲಿ ಅಡಿಕೆ ಇಟ್ಟು ಮುಂಗಡ ತರುವ ಶಿರಸಿ, ಸಾಗರದ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಷೇರುಗಳನ್ನೂ ಹೀಗೇ ಒಂದೆಡೆ ಕೂಡಿಟ್ಟು ರಸೀದಿ ಮಾರಿದರೆ ಹೇಗೆ ಎಂದು ಮೋಸ್ಟ್ ಯೋಚಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. 1993ರ ಜನವರಿ 29ರಂದು ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಎಸ್‌ಪಿಡಿಆರ್ ಎಂಬ ಇಟಿಎಫ್‌ನ ವಹಿವಾಟು ಶುರುವಾಯಿತು.

ಅದರ ಒಳಯಂತ್ರ ನನಗೆ ಬಹಳ ಇಷ್ಟ. ಯೂನಿಟ್‌ನ ಬೆಲೆ ಒಳಗಿರುವ ಷೇರುಗಳ ಬೆಲೆಗಿಂತ ಏರಿತೆನ್ನಿ. ದೊಡ್ಡ ದಲ್ಲಾಳಿ ಷೇರು ಕೊಂಡು ಫಂಡಿಗೆ ಒಪ್ಪಿಸಿ, ಹೊಸ ಯೂನಿಟ್ ಪಡೆದು ಮಾರುತ್ತಾನೆ. ಇಳಿದರೆ ಯೂನಿಟ್ ಮರಳಿಸಿ ಷೇರು ಬಿಡಿಸಿಕೊಳ್ಳುತ್ತಾನೆ. ಅವನ ಲಾಭದಾಸೆಯೇ ತಕ್ಕಡಿಯ ಮುಳ್ಳನ್ನು ನೇರವಾಗಿ ಹಿಡಿದಿಡುತ್ತದೆ.

ಚಿನ್ನಕ್ಕೂ ಈ ಉಪಾಯವನ್ನು ಹೂಡಬಹುದೆಂದು ಮುಂಬೈನ ಬೆಂಚ್‌ಮಾರ್ಕ್ ಸಂಸ್ಥೆ 2002ರಲ್ಲೇ ಸೆಬಿಗೆ ಪ್ರಸ್ತಾವ ಕೊಟ್ಟಿತ್ತು. ಅನುಮತಿ ಸಿಕ್ಕು ‘ಗೋಲ್ಡ್ ಬೀಸ್’ ಬಂದದ್ದು 2007ರಲ್ಲಿ; ಅಷ್ಟರಲ್ಲಿ ಆಸ್ಟ್ರೇಲಿಯಾ ಚಿನ್ನದ ಇಟಿಎಫ್ ತಂದು ಮುಂದೆ ಹೋಗಿತ್ತು. ಇಂದು ಗೋಲ್ಡ್ ಬೀಸ್‌ನ ಒಂದು ಯೂನಿಟ್ ಗ್ರಾಮಿನ ನೂರನೇ ಒಂದು ಭಾಗದಷ್ಟು ಚಿನ್ನ. ಮಜೂರಿ ಇಲ್ಲ, ಸವಕಳಿ ಇಲ್ಲ. ತಿಂಗಳ ಕೊನೆಯಲ್ಲಿ ಉಳಿದ ಚಿಲ್ಲರೆಯಲ್ಲೂ ಚಿನ್ನ ಕೊಳ್ಳಬಹುದು.

ಇದು ಸಾಧ್ಯವಾದದ್ದು ಚಿನ್ನದ ಸಾಂದ್ರತೆಯಿಂದ. ನೀರಿಗಿಂತ 19.3 ಪಟ್ಟು ತೂಕದ ಲೋಹವಿದು. 100 ಕಿಲೋ ಚಿನ್ನ ಐದು ಲೀಟರಿನ ಪಾತ್ರೆಯನ್ನು ತುಸು ಮೀರುತ್ತದೆ, ಅಷ್ಟೆ. ಕೆಡುವುದಿಲ್ಲ, ಆವಿಯಾಗುವುದಿಲ್ಲ. ಕಚ್ಚಾ ತೈಲದ ಒಂದು ಬ್ಯಾರೆಲ್ ಎಂದರೆ 159 ಲೀಟರ್. 2020ರ ಆರಂಭದಲ್ಲಿ ಅಷ್ಟಕ್ಕೂ ಸಿಗುತ್ತಿದ್ದದ್ದು ಸುಮಾರು 60 ಡಾಲರ್. ಇದನ್ನು ಎಲ್ಲಿಡುವುದು? ಅದಕ್ಕೇ ಅಮೆರಿಕದ ತೈಲ ಫಂಡುಗಳು ಟ್ಯಾಂಕಿನ ಬದಲು ಮುಂದೊಂದು ದಿನ ತೈಲ ಪಡೆಯುವ ಫ್ಯೂಚರ್ಸ್ ಒಪ್ಪಂದಗಳನ್ನು ಇಟ್ಟುಕೊಳ್ಳುತ್ತವೆ. ಗಡುವು ಬಂದಾಗ ಹಳೆಯದನ್ನು ಮಾರಿ ಮುಂದಿನ ತಿಂಗಳದ್ದನ್ನು ಕೊಳ್ಳಬೇಕು. 20 ಡಾಲರಿನಂತೆ 100 ಬ್ಯಾರೆಲ್ ಮಾರಿ, 25 ಡಾಲರಿನ ಮುಂದಿನ ಒಪ್ಪಂದ ಕೊಂಡರೆ ಬರುವುದು 80 ಬ್ಯಾರೆಲ್. ಪೇಟೆಯಲ್ಲಿ ತೈಲದ ಬೆಲೆ 20ರಲ್ಲೇ ನಿಂತರೂ, ಗಡುವಿನ ಹೊತ್ತಿಗೆ 2,000 ಡಾಲರ್ 1,600 ಆಗಿರುತ್ತದೆ. ‘ತೈಲ ಅಗ್ಗವಾಗಿದೆ, ಕೊಂಡಿಡಿ’ ಎಂದವರು ಈ ಲೆಕ್ಕ ಹೇಳಲೇ ಇಲ್ಲ; ಅದು ನನಗೆ ಸಿಟ್ಟು ತರಿಸುತ್ತದೆ.

2020ರ ಏಪ್ರಿಲ್ 20. ಕೋವಿಡ್‌ನಿಂದ ಬೇಡಿಕೆ ಕುಸಿದು, ತೈಲ ಹಸ್ತಾಂತರದ ತಾಣವಾದ ಅಮೆರಿಕದ ಕುಶಿಂಗ್‌ನಲ್ಲಿ ಖಾಲಿ ಟ್ಯಾಂಕೇ ಸಿಗದಂತಾಗಿತ್ತು. ಒಪ್ಪಂದ ಕೈಯಲ್ಲಿದ್ದವನು ತೈಲ ಸುರಿಯಲು ಜಾಗವಿಲ್ಲದೆ, ಬೇರೆಯವರಿಗೆ ದುಡ್ಡು ಕೊಟ್ಟು ಅದನ್ನು ದಾಟಿಸಬೇಕಾಯಿತು. ಮೇ ತಿಂಗಳ ಒಪ್ಪಂದ ಮೈನಸ್ 37.63 ಡಾಲರಿಗೆ ಮುಗಿಯಿತು. ಲಾಕ್‌ಡೌನ್ ಕಾರಣ ನಮ್ಮ ಸರಕುಪೇಟೆ ಎಂಸಿಎಕ್ಸ್ ಅಂದು ಸಂಜೆ ಐದಕ್ಕೇ ಬಾಗಿಲು ಹಾಕಿತ್ತು. ಮಹಾಕುಸಿತ ಆದದ್ದು ಆಮೇಲೆ. ಇಲ್ಲಿನ ಒಪ್ಪಂದವೂ ಅದೇ ಬೆಲೆಯ ಲೆಕ್ಕದಲ್ಲಿ ಬ್ಯಾರೆಲಿಗೆ ಮೈನಸ್ 2,884 ರೂಪಾಯಿಯಂತೆ ಚುಕ್ತಾ ಆಯಿತು. 100 ಬ್ಯಾರೆಲಿನ ಒಂದು ಲಾಟ್ ಹಿಡಿದಿದ್ದವರಿಗೆ ಕೊಂಡ ಬೆಲೆ ಪೂರ್ತಿ ಹೋಗಿ, ಮೇಲೆ 2,88,400 ರೂಪಾಯಿ ಬಾಕಿ ಬಿತ್ತು.

ಬೆಳ್ಳಿಯ ಇಟಿಎಫ್ ಇಲ್ಲಿಗೆ ಬಂದದ್ದು 2022ರಲ್ಲಿ. ಅದೇ ಮೊತ್ತದ ಚಿನ್ನಕ್ಕಿಂತ ಆಗ ಬೆಳ್ಳಿಗೆ ನೂರು ಪಟ್ಟಿಗೂ ಹೆಚ್ಚು ಜಾಗ ಬೇಕಿತ್ತು. ಆದರೂ ಅದು ತಿಜೋರಿಯಲ್ಲಿ ಹಿಡಿಯುತ್ತದೆ.