ದೇಹದಲ್ಲಿ ಹುಟ್ಟುವ ಕಲ್ಲು: ಸಿಸ್ಟೀನಿನ ವಿಚಾರ



ಹೊಸಪೇಟೆಯಿಂದ ಹಂಪೆಗೆ ಹೋಗುವವರಿಗೆ ಎತ್ತ ನೋಡಿದರೂ ಕಲ್ಲೇ ಕಾಣುತ್ತದೆ. ಒಂದರ ಮೇಲೊಂದು ಕುಳಿತ ಬಂಡೆಗಳು, ಬಂಡೆಗಳನ್ನು ಕಡಿದು ನಿಲ್ಲಿಸಿದ ಮಂಟಪಗಳು. ಸಂಡೂರಿನ ಕಡೆಗೆ ತಿರುಗಿದರೆ ಕಬ್ಬಿಣದ ಅದಿರಿನ ಕೆಂಪು ಗುಡ್ಡಗಳು. ಇಂಥ ಸೀಮೆಯಲ್ಲಿ ಯಾರಿಗಾದರೂ ಮೂತ್ರದಲ್ಲಿ ಕಲ್ಲು ಬಿತ್ತೆಂದರೆ, ಊರಿನ ನೀರಿನಲ್ಲಿಯೇ ಕಲ್ಲಿನ ಅಂಶವಿದೆಯೆಂದು ಜನರು ಹೇಳುವುದು ಸಹಜ. ಕೊಳವೆಬಾವಿಯ ನೀರು ಕುಡಿಯುವವರು ಕೊಳವೆಬಾವಿಯನ್ನು ದೂರುತ್ತಾರೆ. ಹೊಳೆಯ ನೀರು ಕುಡಿಯುವವರು ಹೊಳೆಯನ್ನು ದೂರಲಾರದೆ ಟೊಮೇಟೊ ಹಣ್ಣನ್ನು ದೂರುತ್ತಾರೆ. ನಾವು ಇಂದು ಹೇಳಬೇಕೆಂದಿರುವ ಕಲ್ಲು ಇವುಗಳಲ್ಲಿ ಯಾವುದರಿಂದಲೂ ಹುಟ್ಟಿದ್ದಲ್ಲ. ಅದರಲ್ಲಿ ಸುಣ್ಣದ ಅಂಶವೇ ಇಲ್ಲ.

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದ್ದು ನಮ್ಮದೇ ಒಂದು ತಪ್ಪಿನಿಂದ. ನಾವು ಹೊಸಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದಾಗ, ಕಂಪ್ಲಿಯ ಹತ್ತಿರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಪಾಠದ ನಡುವೆ ಹೊರಗೆ ಹೋಗಲು ಪದೇ ಪದೇ ಅಪ್ಪಣೆ ಕೇಳುತ್ತಿದ್ದನು. ಎರಡು ಮೂರು ಸಲ ಕಳುಹಿಸಿದೆವು. ನಾಲ್ಕನೆಯ ಸಲ ಗದರಿಸಿ ಕೂರಿಸಿದೆವು. ಅಂದಿನಿಂದ ಅವನು ಕೇಳುವುದನ್ನು ಬಿಟ್ಟನು. ಕಾಲೇಜಿನಲ್ಲಿರುವಷ್ಟು ಹೊತ್ತು ನೀರು ಕುಡಿಯುವುದನ್ನೂ ಬಿಟ್ಟಿದ್ದನೆಂಬುದು ನಮಗೆ ತಿಳಿದದ್ದು ಮೂರು ತಿಂಗಳ ಮೇಲೆ, ಅವನು ಪಕ್ಕೆಯ ನೋವಿನಿಂದ ಆಸ್ಪತ್ರೆ ಸೇರಿದಾಗ. ಒಂಬತ್ತನೆಯ ವಯಸ್ಸಿನಿಂದಲೂ ಅವನಿಗೆ ಕಲ್ಲಿನ ಉಪದ್ರವವಿತ್ತು, ಅಣ್ಣನಿಗೂ ಇತ್ತು. ಎರಡು ಸಲ ಶಸ್ತ್ರಚಿಕಿತ್ಸೆಯಾಗಿತ್ತು. ಹೆಚ್ಚು ನೀರು ಕುಡಿಯಬೇಕೆಂದು ವೈದ್ಯರು ಹೇಳಿದ್ದರು, ಏಕೆಂದು ಹೇಳಿರಲಿಲ್ಲ. ತೆಗೆದ ಕಲ್ಲು ಯಾವ ಜಾತಿಯದೆಂದು ಎಲ್ಲಿಯೂ ಯಾರೂ ಪರೀಕ್ಷಿಸಿರಲಿಲ್ಲ.

ಆ ಕಲ್ಲನ್ನು ಅವರ ತಾಯಿ ಒಂದು ಸಣ್ಣ ಸೀಸೆಯಲ್ಲಿ ಹಾಕಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದರು. ನಾವು ನೋಡಿದೆವು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಜೇನುಮೇಣದ ಬಣ್ಣ, ಕೈಗೆ ನುಣುಪು. ಒಂದು ಚೂರನ್ನು ಉರಿಗೆ ಹಿಡಿದಾಗ ಮೂಗು ಮುಚ್ಚಿಕೊಳ್ಳುವಂಥ ದುರ್ನಾತ ಬಂದಿತು. ಮರುದಿನ ಹುಡುಗನ ಬೆಳಗಿನ ಮೊದಲ ಮೂತ್ರದ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆವು. ಬಣ್ಣವಿಲ್ಲದ, ತೆಳ್ಳಗಿನ, ಆರು ಮೂಲೆಯ ಹಲ್ಲೆಗಳು ಒಂದರ ಮೇಲೊಂದು ಬಿದ್ದಿದ್ದವು. ಮೂತ್ರದಲ್ಲಿ ಆರು ಮೂಲೆಯ ಇಂಥ ಹರಳು ಕಂಡರೆ ಅದು ಸಿಸ್ಟೀನೆಂದೇ ತಿಳಿಯತಕ್ಕದ್ದು. ಕಲ್ಲಿನ ಉಳಿದ ಭಾಗವನ್ನು ಪ್ರಯೋಗಶಾಲೆಗೆ ಕಳುಹಿಸಿದಾಗಲೂ ಅದೇ ಉತ್ತರ ಬಂದಿತು.

ಸಿಸ್ಟೀನ್ ಎಂದರೇನು? ಕೂದಲು ಸುಟ್ಟ ವಾಸನೆ ಎಲ್ಲರಿಗೂ ಗೊತ್ತಷ್ಟೆ. ಕೂದಲು, ಉಗುರು, ದನದ ಕೊಂಬು, ಕುರಿಯ ಉಣ್ಣೆ ಇವೆಲ್ಲವುಗಳಲ್ಲಿ ಗಂಧಕವಿದೆ. ಆ ಗಂಧಕವನ್ನು ಹಿಡಿದಿಟ್ಟಿರುವ ಮುಖ್ಯ ಪದಾರ್ಥವೇ ಸಿಸ್ಟೀನ್. ಅಂಗಾರ, ಜಲಜನಕ, ಸಾರಜನಕ, ಆಮ್ಲಜನಕ, ಗಂಧಕ ಎಂಬ ಐದು ಧಾತುಗಳಿಂದಾದ ಅಮೈನೋ ಆಮ್ಲವಿದು. ಸಿಸ್ಟೆಯಿನ್ ಎಂಬ ಚಿಕ್ಕ ಅಣುಗಳೆರಡು ತಮ್ಮ ತಮ್ಮ ಗಂಧಕದ ತುದಿಗಳಿಂದ ಕೈಹಿಡಿದು ಜೋಡಿಯಾದರೆ ಸಿಸ್ಟೀನ್ ಆಗುತ್ತದೆ. ಎಳೆಯಿಂದ ಎಳೆಗೆ ಬೀಳುವ ಈ ಗಂಟುಗಳಿಂದಲೇ ಕೂದಲಿಗೂ ಕೊಂಬಿಗೂ ಗಟ್ಟಿತನ. ಆದುದರಿಂದ ಇದು ವಿಷವಲ್ಲ, ಹೊರಗಿನಿಂದ ಬಂದ ಕಶ್ಮಲವೂ ಅಲ್ಲ. ಎಲ್ಲರ ರಕ್ತದಲ್ಲೂ ಸದಾ ಹರಿದಾಡುವ ಪದಾರ್ಥ.

ವಿಚಿತ್ರವೆಂದರೆ ಮನುಷ್ಯನಿಗೆ ಇದರ ಪರಿಚಯವಾದದ್ದು ಕೂದಲಿನಿಂದಲ್ಲ, ಕಲ್ಲಿನಿಂದಲೇ. ಲಂಡನ್ನಿನ ವಿಲಿಯಮ್ ಹೈಡ್ ವೊಲಾಸ್ಟನ್ ಎಂಬ ವಿದ್ವಾಂಸನು 1810ರಲ್ಲಿ ಮೂತ್ರಾಶಯದಿಂದ ತೆಗೆದ ಕಲ್ಲೊಂದನ್ನು ಪರೀಕ್ಷಿಸಿ, ಇದು ಈವರೆಗೆ ತಿಳಿಯದ ಹೊಸ ಜಾತಿಯೆಂದು ಸಾರಿದನು. ಅವನು ಅದನ್ನು ಒಂದು ಆಕ್ಸೈಡೆಂದು ಭಾವಿಸಿ, ಮೂತ್ರಾಶಯಕ್ಕಿರುವ ಗ್ರೀಕ್ ಮಾತನ್ನು ಸೇರಿಸಿ ಹೆಸರಿಟ್ಟನು. ಅದು ಆಕ್ಸೈಡಲ್ಲವೆಂದು ಕಂಡ ಸ್ವೀಡನ್ನಿನ ಬರ್ಜೀಲಿಯಸನು 1833ರಲ್ಲಿ ಸಿಸ್ಟೀನ್ ಎಂದು ತಿದ್ದಿದನು. ಅದೇ ಪದಾರ್ಥ ಕೊಂಬಿನಲ್ಲಿಯೂ ಇದೆಯೆಂದು ಮೋರ್ನರನು ತೋರಿಸಿದ್ದು 1899ರಲ್ಲಿ. ನಮ್ಮ ಸುಶ್ರುತನು ಅಶ್ಮರಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಅದನ್ನು ತೆಗೆಯುವ ಶಸ್ತ್ರಕ್ರಮವನ್ನೂ ಹೇಳಿದ್ದಾನೆ. ಕಲ್ಲುಗಳೆಲ್ಲ ಒಂದೇ ಅಲ್ಲವೆಂಬ ಅರಿವು ನಮ್ಮಲ್ಲಿ ಹಳೆಯದು. ಅದನ್ನು ಮರೆತು ಕಲ್ಲನ್ನು ಕಸದ ತೊಟ್ಟಿಗೆ ಎಸೆಯುವುದು ಈಚಿನ ರೂಢಿ.

ಎಲ್ಲರ ರಕ್ತದಲ್ಲೂ ಇರುವ ಪದಾರ್ಥ ಕೆಲವರಲ್ಲಿ ಮಾತ್ರ ಏಕೆ ಕಲ್ಲಾಗಬೇಕು? ಯುಗಾದಿಗೆ ಮುಂಚೆ ನಮ್ಮ ಹೆಣ್ಣುಮಕ್ಕಳು ಮನೆ ತೊಳೆಯುವ ಕ್ರಮವನ್ನು ನೆನೆಯಿರಿ. ಒಳಗಿನ ಸಾಮಾನನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಬೇಕಾದ್ದನ್ನು ತಿರುಗಿ ಒಳಗೆ ಒಯ್ದು, ಬೇಡವಾದದ್ದನ್ನು ಹೊರಗೆಯೇ ಬಿಡುತ್ತಾರೆ. ಮೂತ್ರಪಿಂಡದ ಕ್ರಮವೂ ಇದೇ. ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ಅದು ರಕ್ತದಿಂದ ಸೋಸಿ ಹೊರಕ್ಕೆ ತರುತ್ತದೆ. ಅದರಲ್ಲಿ ಸಕ್ಕರೆ, ಉಪ್ಪು, ಅಮೈನೋ ಆಮ್ಲ ಎಲ್ಲವೂ ಇರುತ್ತವೆ. ಆಮೇಲೆ ಸೂಕ್ಷ್ಮನಾಳಗಳ ಗೋಡೆಗಳಲ್ಲಿರುವ ಒಯ್ಯುಕಾರರು ಬೇಕಾದ್ದನ್ನು ಹೆಕ್ಕಿ ಒಳಗೆ ಸೇರಿಸುತ್ತಾರೆ. ಉಳಿದ ಒಂದೂವರೆ ಎರಡು ಲೀಟರು ಮೂತ್ರವಾಗುತ್ತದೆ. ಸಿಸ್ಟೀನಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಹೀಗೆ ಹಿಂದಿರುಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಸಿಸ್ಟೀನನ್ನು ಒಳಗೊಯ್ಯುವ ಒಯ್ಯುಕಾರನು ಕೆಟ್ಟಿರುತ್ತಾನೆ. ಸಾಮಾನು ಅಂಗಳದಲ್ಲಿಯೇ ಉಳಿಯುತ್ತದೆ. ಇದಕ್ಕೆ ಸಿಸ್ಟಿನೂರಿಯ ಎಂದು ಹೆಸರು.

1908ರಲ್ಲಿ ಗ್ಯಾರಡ್ ಎಂಬ ಆಂಗ್ಲ ವೈದ್ಯನು ಹುಟ್ಟಿನಿಂದ ಬರುವ ರಾಸಾಯನಿಕ ದೋಷಗಳ ಮೇಲೆ ಉಪನ್ಯಾಸ ಮಾಡಿ, ಇದನ್ನು ಅಂಥ ನಾಲ್ಕರಲ್ಲೊಂದೆಂದು ಎಣಿಸಿದನು. ದೇಹವು ಸಿಸ್ಟೀನನ್ನು ಜೀರ್ಣಿಸಲಾರದೆಂಬುದು ಅವನ ಊಹೆ. ಊಹೆ ತಪ್ಪೆಂದೂ, ದೋಷವಿರುವುದು ಮೂತ್ರಪಿಂಡದ ಸಾಗಣೆಯಲ್ಲೆಂದೂ ಡೆಂಟ್ ಮತ್ತು ರೋಸ್ ಎಂಬವರು 1951ರಲ್ಲಿ ತೋರಿಸಿದರು. ಲೈಸೀನ್, ಆರ್ಜಿನೀನ್, ಆರ್ನಿಥೀನ್ ಎಂಬ ಇನ್ನು ಮೂರು ಪದಾರ್ಥಗಳೂ ಅದೇ ಒಯ್ಯುಕಾರನನ್ನು ನಂಬಿರುವುದರಿಂದ ಅವೂ ಮೂತ್ರಕ್ಕೆ ಸೋರುತ್ತವೆ. ಆದರೆ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ತೊಂದರೆಯಿಲ್ಲ. ಕರಗಲು ಹಟಮಾಡುವುದು ಸಿಸ್ಟೀನ್ ಒಂದೇ. ಒಯ್ಯುಕಾರನನ್ನು ಕಟ್ಟುವ ಎರಡು ಜೀನುಗಳು 1994ರಲ್ಲಿಯೂ 1999ರಲ್ಲಿಯೂ ಗೊತ್ತಾದವು. ಸಿಸ್ಟಿನೋಸಿಸ್ ಎಂಬ ಇನ್ನೊಂದು ರೋಗವುಂಟು. ಅಲ್ಲಿ ಸಿಸ್ಟೀನು ಜೀವಕೋಶಗಳ ಒಳಗೆ ಕೂಡಿಬೀಳುತ್ತದೆ. ಹೆಸರು ಹತ್ತಿರವೆಂದು ಎರಡನ್ನೂ ಬೆರಸಬಾರದು.

ಈಗ ಲೆಕ್ಕಕ್ಕೆ ಬರೋಣ. ಈ ಲೆಕ್ಕವೇ ಚಿಕಿತ್ಸೆಯ ತಿರುಳು. ಒಂದು ಲೀಟರು ಮೂತ್ರದಲ್ಲಿ ಸುಮಾರು 250 ಮಿಲಿಗ್ರಾಂ ಸಿಸ್ಟೀನ್ ಕರಗಬಲ್ಲದು. ಆರೋಗ್ಯವಂತನ ಮೂತ್ರದಲ್ಲಿ ಇಡೀ ದಿನಕ್ಕೆ 30 ಮಿಲಿಗ್ರಾಮಿಗಿಂತ ಹೆಚ್ಚಾಗಿ ಹೋಗುವುದಿಲ್ಲ. ಆದುದರಿಂದ ಅವನಿಗೆ ಭಯವಿಲ್ಲ. ಸಿಸ್ಟಿನೂರಿಯ ಇರುವವನಿಗೆ 400 ಮಿಲಿಗ್ರಾಂ ಮೀರುತ್ತದೆ. 800 ಆಗುವುದೂ ಉಂಟು, 1000 ದಾಟುವುದೂ ಉಂಟು. 800 ಎಂದೇ ಹಿಡಿಯೋಣ. ಅವನು ದಿನಕ್ಕೆ ಒಂದು ಲೀಟರು ಮೂತ್ರ ಮಾಡಿದರೆ 250 ಕರಗಿ, ಉಳಿದ 550ಕ್ಕೆ ನೀರಿನಲ್ಲಿ ಜಾಗವಿಲ್ಲ. ಮೂರೂಕಾಲು ಲೀಟರು ಮಾಡಿದರೆ ಎಲ್ಲವೂ ಕರಗಿ ಹೊರಟುಹೋಗುತ್ತದೆ. ಕಬ್ಬು ಬೆಳೆಯುವ ಕಂಪ್ಲಿ ಹೊಸಪೇಟೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಹಾಲು ತೆಳ್ಳಗಿರುವವರೆಗೆ ಹರಳು ಕಾಣದು. ನೀರು ಆರುತ್ತ ಬಂದಂತೆ ಪಾಕವು ಗಟ್ಟಿಯಾಗಿ ಹರಳುಗಟ್ಟುತ್ತದೆ. ನಮ್ಮ ಹುಡುಗನ ದೇಹವೂ ಒಂದು ಕೊಪ್ಪರಿಗೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಅದರ ಒಲೆ.

ಇಲ್ಲಿಯೇ ನಮ್ಮ ಸೀಮೆಯ ಕಷ್ಟವಿರುವುದು. ಈ ದೋಷವನ್ನು ನಮ್ಮ ಬಂಡೆಗಳು ಹುಟ್ಟಿಸಲಿಲ್ಲ. ಆದರೆ ನಮ್ಮ ಬಿಸಿಲು ಅದನ್ನು ಬೇಗ ಕಲ್ಲಾಗಿ ಮಾಡುತ್ತದೆ. ಸಂಡೂರಿನ ಗಣಿಯಲ್ಲಿ ದುಡಿಯುವವನೂ ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವವಳೂ ಕುಡಿದ ನೀರಿನಲ್ಲಿ ದೊಡ್ಡ ಪಾಲನ್ನು ಬೆವರಿನಲ್ಲಿ ಕಳೆದುಕೊಳ್ಳುತ್ತಾರೆ. ಎಷ್ಟು ಕುಡಿದೆವೆಂಬುದಲ್ಲ, ಎಷ್ಟು ಮೂತ್ರ ಬಂತೆಂಬುದೇ ಲೆಕ್ಕ. ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ. ಕೆಲಸದ ಕಡೆ ಶೌಚಾಲಯವಿಲ್ಲದ ಹೆಣ್ಣುಮಗಳು, ಇದ್ದರೂ ಬೀಗ ಹಾಕಿದ ಶಾಲೆಯ ಹುಡುಗಿ ಬೇಕೆಂದೇ ನೀರು ಬಿಡುತ್ತಾರೆ. ನಮ್ಮಂಥ ಉಪಾಧ್ಯಾಯರು ಗದರಿಸಿದ ಹುಡುಗನೂ ಅದನ್ನೇ ಮಾಡಿದನು. ಇದನ್ನು ಔಷಧದಿಂದ ಸರಿಪಡಿಸುವಂತಿಲ್ಲ.

ಹಗಲಿನ ನೀರೂ ಸಾಲದು. ರಾತ್ರಿ ಏಳೆಂಟು ಗಂಟೆಗಳ ಕಾಲ ಏನೂ ಕುಡಿಯದೆ ಮಲಗಿದಾಗ ಮೂತ್ರವು ಮಂದವಾಗುತ್ತದೆ. ಹರಳು ಬೀಳುವುದು ಹೆಚ್ಚಾಗಿ ಆಗಲೇ. ಆದುದರಿಂದ ಮಲಗುವ ಮುನ್ನ ಒಂದು ಚೊಂಬು, ನಡುರಾತ್ರಿ ಎದ್ದು ಮೂತ್ರಕ್ಕೆ ಹೋಗಿಬಂದು ಇನ್ನೊಂದು ಚೊಂಬು ಕುಡಿಯುವುದು ಈ ರೋಗದವರ ನಿತ್ಯಕರ್ಮವಾಗಬೇಕು. ದೊಡ್ಡವರು ದಿನಕ್ಕೆ ಮೂರು ಲೀಟರು ಮೂತ್ರ ಬರುವಂತೆ ನೋಡಿಕೊಳ್ಳಬೇಕು. ಮಕ್ಕಳ ಅಳತೆಯನ್ನು ವೈದ್ಯರು ಹೇಳತಕ್ಕದ್ದು. ಹೃದಯವೋ ಮೂತ್ರಪಿಂಡವೋ ದುರ್ಬಲವಾದವರು ಸ್ವಂತ ಬುದ್ಧಿಯಿಂದ ಇದನ್ನು ಮಾಡಬಾರದು. ಉಪ್ಪು ಹೆಚ್ಚಿದಂತೆ ಮೂತ್ರಕ್ಕೆ ಹೋಗುವ ಸಿಸ್ಟೀನೂ ಹೆಚ್ಚುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಒಗ್ಗರಣೆ ಮಂಡಕ್ಕಿ ಮಿರ್ಚಿ ಇವುಗಳಲ್ಲಿ ಕೈ ಹಿಡಿಯಬೇಕು. ನಿಂಬೆಯ ಪಾನಕ ಒಳ್ಳೆಯದೇ, ಆದರೆ ಅದಕ್ಕೆ ಉಪ್ಪು ಸುರಿದು ಕುಡಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದಂತೆ. ಮಾಂಸ ಮೊಟ್ಟೆಗಳಲ್ಲಿ ಮೆಥಿಯೊನೀನ್ ಹೆಚ್ಚು; ಅದರಿಂದ ದೇಹವು ಸಿಸ್ಟೀನನ್ನು ಮಾಡಿಕೊಳ್ಳುತ್ತದೆ. ದೊಡ್ಡವರು ಅವನ್ನು ಮಿತಗೊಳಿಸಬಹುದು. ಬೆಳೆಯುವ ಮಕ್ಕಳಿಗೆ ತಪ್ಪಿಸಬಾರದು.

ಬಾಳೆದಿಂಡಿನ ರಸ, ಹುರುಳಿಯ ಕಟ್ಟು ಇವುಗಳ ಮಾತು ಬಂದೇ ಬರುತ್ತದೆ. ತುಂಗಭದ್ರೆಯ ದಂಡೆಯಲ್ಲಿ ಬಾಳೆಗೆ ಬರವಿಲ್ಲ. ಉಪ್ಪಿಲ್ಲದೆ ಕುಡಿದರೆ ಅದರೊಡನೆ ಹೋದ ನೀರಿನ ಗುಣ ಸಿಕ್ಕುತ್ತದೆ. ಸಿಸ್ಟೀನಿನ ಕಲ್ಲನ್ನು ಅದು ಕರಗಿಸುವುದೆಂದು ನಂಬಿ ಪರೀಕ್ಷೆಯನ್ನು ಮುಂದೂಡಿದರೆ, ಆ ಕಾಲದಲ್ಲಿ ಮೂತ್ರಪಿಂಡವೇ ಕೆಡಬಹುದು.

ನೀರೂ ಪಥ್ಯವೂ ಸಾಲದಾದಾಗ ಔಷಧ. ಮೂತ್ರದ ಆಮ್ಲತೆಯನ್ನು ತಗ್ಗಿಸಿದರೆ, ಪಿಎಚ್ 7.5ರ ಹತ್ತಿರಕ್ಕೆ ತಂದರೆ, ಸಿಸ್ಟೀನ್ ಹೆಚ್ಚಾಗಿ ಕರಗುತ್ತದೆ. ಅದಕ್ಕೆ ಪೊಟ್ಯಾಸಿಯಮ್ ಸಿಟ್ರೇಟನ್ನು ಕೊಡುತ್ತಾರೆ. ಅಡಿಗೆ ಸೋಡದಿಂದಲೂ ಆಮ್ಲತೆ ಇಳಿಯುತ್ತದೆ, ಆದರೆ ಅದರಲ್ಲಿ ಉಪ್ಪಿನ ಸೋಡಿಯಮ್ಮೇ ಇರುವುದರಿಂದ ಅದು ಎರಡನೆಯ ದಾರಿ. ಅದೂ ಸಾಲದಿದ್ದರೆ ಟಿಯೋಪ್ರೊನಿನ್, ಪೆನಿಸಿಲಮೀನ್ ಎಂಬುವು ಸಿಸ್ಟೀನಿನ ಜೋಡಿಗಂಟನ್ನು ಬಿಚ್ಚಿ ಒಂದು ಕೈಯನ್ನು ತಾವು ಹಿಡಿಯುತ್ತವೆ. ಆ ಹೊಸ ಜೋಡಿ ಸುಲಭವಾಗಿ ಕರಗುತ್ತದೆ. ಇವುಗಳಿಗೆ ಕೆಟ್ಟ ಪರಿಣಾಮಗಳುಂಟಾದ್ದರಿಂದ ವೈದ್ಯರ ಕಣ್ಣಿನ ಕೆಳಗೇ ತೆಗೆದುಕೊಳ್ಳಬೇಕು. ಆಗಲೇ ಬೆಳೆದ ಕಲ್ಲನ್ನು ತೆಗೆಯಬಹುದು; ಆದರೆ ಇದು ಹೊರಗಿನಿಂದ ಕೊಡುವ ಧ್ವನಿತರಂಗದ ಪೆಟ್ಟಿಗೆ ಸುಲಭವಾಗಿ ಒಡೆಯದ ಜಾತಿ; ಕ್ಷಕಿರಣದ ಚಿತ್ರದಲ್ಲಿಯೂ ಮಂಕಾಗಿ ಕಾಣುತ್ತದೆ. ತೆಗೆದ ಮೇಲೆ ಮತ್ತೆ ಬರುತ್ತದೆ.

ದೊಡ್ಡವರ ಕಲ್ಲುಗಳಲ್ಲಿ ಸಿಸ್ಟೀನಿನವು ನೂರಕ್ಕೆ ಒಂದೋ ಎರಡೋ. ಮಕ್ಕಳಲ್ಲಿ ಆ ಪಾಲು ಹೆಚ್ಚು. ಆದುದರಿಂದ ಮಗುವಿಗೆ ಕಲ್ಲಾದರೆ, ಮರುಕಳಿಸಿದರೆ, ಒಡಹುಟ್ಟಿದವರಿಗೂ ಆಗಿದ್ದರೆ, ಕಲ್ಲನ್ನು ಪರೀಕ್ಷೆಗೆ ಕಳುಹಿಸಿರೆಂದು ತಂದೆತಾಯಿಗಳು ಬಾಯಿಬಿಟ್ಟು ಕೇಳಬೇಕು. ಕಲ್ಲು ಸಿಕ್ಕದಿದ್ದರೆ ಮೂತ್ರದ ಪರೀಕ್ಷೆ ಸಾಕು. ನೈಟ್ರೊಪ್ರಸೈಡ್ ಎಂಬ ದ್ರವ್ಯದಿಂದ ಮಾಡುವ ಪರೀಕ್ಷೆಯಲ್ಲಿ ಸಿಸ್ಟೀನಿದ್ದರೆ ನೇರಿಳೆಗೆಂಪು ಬಣ್ಣ ಬರುತ್ತದೆ.

ಉಳಿದದ್ದು ಮದುವೆಯ ಮಾತು. ನಮ್ಮ ವಿದ್ಯಾರ್ಥಿಯ ತಾಯಿಯನ್ನು ಆಕೆಯ ಸೋದರಮಾವನಿಗೇ ಕೊಟ್ಟಿದ್ದರು. ಕರ್ನಾಟಕದಲ್ಲಿ ಇಂಥ ರಕ್ತಸಂಬಂಧದ ಮದುವೆಗಳು ಸುಮಾರು ನಾಲ್ಕರಲ್ಲೊಂದು. ಇದರಲ್ಲಿ ಹೀಗಳೆಯತಕ್ಕದ್ದೇನೂ ಇಲ್ಲ. ಆದರೆ ಕೆಟ್ಟ ಜೀನಿನ ಒಂದೇ ಪ್ರತಿ ಇದ್ದವರಿಗೆ ಸಾಮಾನ್ಯವಾಗಿ ಕಲ್ಲಾಗುವುದಿಲ್ಲ, ತಂದೆಯಿಂದೊಂದು ತಾಯಿಯಿಂದೊಂದು ಎರಡೂ ಸೇರಿದಾಗ ಆಗುತ್ತದೆ. ಒಂದೇ ಮನೆತನದವರಲ್ಲಿ ಒಂದೇ ದೋಷ ಅಡಗಿರುವ ಸಂಭವ ಹೆಚ್ಚು. ಇಬ್ಬರೂ ಅಂಥವರಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗದ ಸಂಭವ ನಾಲ್ಕರಲ್ಲೊಂದು. ಹುಡುಗನಿಗೆ ಒಬ್ಬ ತಂಗಿಯಿದ್ದಳು. ನೋವೆಂದು ಒಂದು ದಿನವೂ ಹೇಳಿದವಳಲ್ಲ. ಅವಳ ಮೂತ್ರವನ್ನು ಪರೀಕ್ಷಿಸಿದಾಗ ಅದೇ ಬಣ್ಣ ಬಂದಿತು.

ಆ ತಾಯಿ ನಮ್ಮನ್ನು ಕೇಳಿದರು: "ನಮ್ಮ ತಮ್ಮಗ ಕೊಡಬೇಕಂತ ಮೊದಲಿಂದ ಮಾತೈತ್ರೀ ಸರ್. ಕೊಡಬಹುದೇನ್ರೀ?" ನಾವು ಲೆಕ್ಕವನ್ನಷ್ಟೇ ಹೇಳಿದೆವು. ಆ ತಮ್ಮನಲ್ಲಿ ದೋಷದ ಒಂದು ಪ್ರತಿಯಿರುವ ಸಂಭವ ಕಡಿಮೆಯೆಂದರೂ ಎರಡರಲ್ಲೊಂದು. ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ಮತ್ತೆ ಎರಡರಲ್ಲೊಂದು. ದೋಷವಿಲ್ಲದ ಹೊರಗಿನವನನ್ನು ಮದುವೆಯಾದರೆ ಮಕ್ಕಳೆಲ್ಲರೂ ಒಂದೊಂದು ಪ್ರತಿಯನ್ನು ಹೊತ್ತರೂ ಕಲ್ಲಿನ ಭಯ ಬಹಳ ಕಡಿಮೆ. ಆಕೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಹುಡುಗಿಯ ಓದು ಮುಗಿಯುವವರೆಗೆ ಆ ಮಾತನ್ನು ಎತ್ತುವುದಿಲ್ಲವೆಂದರು. ಹೋಗುವಾಗ, ಮಗಳ ತರಗತಿಯ ಮಾಸ್ತರರಿಗೆ ಒಂದು ಚೀಟಿ ಬರೆದುಕೊಡಲು ಕೇಳಿದರು. ಪಾಠದ ನಡುವೆ ಎದ್ದು ಹೋದರೆ ಬೈಯಬಾರದೆಂದು. ಬರೆದುಕೊಟ್ಟೆವು.