ಕಪಾಟಿನೊಳಗೆ ಕೂಡಿಸುವ ಚಿಕ್ಕ ಡಿಶ್‌ವಾಷರ್: ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿಯಿರಿ



ಈಚೆಗೆ ಸಂಘದ ಕಚೇರಿಗೆ ಬರುವ ಹಿರಿಯರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿರುವ ಮಕ್ಕಳು "ಅವ್ವಾ, ಇನ್ನ ಭಾಂಡೆ ತಿಕ್ಕೋದು ಸಾಕು, ಮಷೀನ್ ಕೂಡಿಸ್ತೀವಿ" ಅನ್ನುತ್ತಾರೆ. ಅವ್ವನ ಬೆರಳ ಸಂದು ನೋಯುತ್ತವೆ, ಮೊಣಕಾಲು ಹಿಡಿಯುತ್ತದೆ. ಮಕ್ಕಳ ಕಾಳಜಿ ಸುಳ್ಳಲ್ಲ. ಆದರೆ ಮಷೀನು ಬಂದ ಆರು ತಿಂಗಳಿಗೆ ಅದರೊಳಗೆ ಖಾಲಿ ಡಬ್ಬಿ ತುಂಬಿಟ್ಟು, ಅವ್ವ ಮತ್ತೆ ಸಿಂಕಿನ ಮುಂದೆ ನಿಂತ ಮನೆಗಳೂ ನಮ್ಮ ಸೊಲ್ಲಾಪುರದಲ್ಲಿವೆ. ಮಷೀನು ಕೆಟ್ಟದ್ದಲ್ಲ. ಆ ಮನೆಗೆ ಅದು ಹೊಂದಲಿಲ್ಲ, ಅಷ್ಟೇ.

ಮೊದಲು ಅಳತೆ. ದೊಡ್ಡ ಡಿಶ್‌ವಾಷರ್ 60 ಸೆಂ.ಮೀ. ಅಗಲ, ಸುಮಾರು 82 ಸೆಂ.ಮೀ. ಎತ್ತರ. ಕಪಾಟಿನೊಳಗೆ ಕೂಡಿಸುವ ಚಿಕ್ಕದು ಅಗಲದಲ್ಲಿ ಅಷ್ಟೇ, ಎತ್ತರ ಮಾತ್ರ ಸುಮಾರು 45 ಸೆಂ.ಮೀ. ಇದಲ್ಲದೆ ಅಡಿಗೆ ಕಟ್ಟೆಯ ಮೇಲೆ ಹಾಗೆಯೇ ಇಡುವ ಚಿಕ್ಕ ಮಷೀನೂ ಇದೆ. 45 ಸೆಂ.ಮೀ. ಅಗಲದ, ಎತ್ತರದಲ್ಲಿ ದೊಡ್ಡದರಷ್ಟೇ ಇರುವ ತೆಳು ಮಷೀನನ್ನೂ ಅಂಗಡಿಯವರು "ಕಾಂಪ್ಯಾಕ್ಟ್" ಅಂತಲೇ ತೋರಿಸುವುದುಂಟು. ಯಾವ 45 ಎಂದು ಕೇಳಿಕೊಳ್ಳಿ.

ಕಪಾಟಿನ ಬಗೆಯ ನಿಜವಾದ ಗುಣ, ನನ್ನ ಲೆಕ್ಕದಲ್ಲಿ, ಒಂದೇ: ಅದನ್ನು ಸೊಂಟದ ಎತ್ತರಕ್ಕೆ ಕೂಡಿಸಬಹುದು. ಬಗ್ಗದೆ ತಾಟು ಜೋಡಿಸಬಹುದು, ಬಗ್ಗದೆ ತೆಗೆಯಬಹುದು. ರೊಟ್ಟಿ ಬಡಿಯುವ ಕಟ್ಟೆಯ ಜಾಗವೂ ಉಳಿಯುತ್ತದೆ. ಅದನ್ನೇ ಕಟ್ಟೆಯ ಬುಡದಲ್ಲಿ ಕೂಡಿಸಿದರೆ ರೊಕ್ಕವೂ ಹೋಯಿತು, ಮೊಣಕಾಲು ನೋವೂ ಉಳಿಯಿತು. ಸೊಂಟದ ಎತ್ತರಕ್ಕೆ ಬೇಕೆಂದರೆ ಎತ್ತರದ ಕಪಾಟು ಬೇಕು, ಅದೂ ಸಿಂಕಿನ ಹತ್ತಿರವೇ. ಮಷೀನಿನ ಜೊತೆ ಬರುವ ಪೈಪು ಸಾಮಾನ್ಯವಾಗಿ ಒಂದೂವರೆ ಮೀಟರಿನ ಆಸುಪಾಸು. ನಮ್ಮ ಹಳೆಯ ಮನೆಗಳಲ್ಲಿ ಕಟ್ಟೆ ನಿಂತಿರುವುದು ಕಡಪಾ ಕಲ್ಲಿನ ಅಡ್ಡಗೋಡೆಗಳ ಮೇಲೆ. ಎರಡು ಕಲ್ಲಿನ ನಡುವೆ 60 ಸೆಂ.ಮೀ. ತೆರವು ಸಿಗುವುದು ಅಪರೂಪ. 58 ಇದ್ದರೆ "ಸ್ವಲ್ಪ ಕಟ್ ಮಾಡಿದರಾತು" ಅನ್ನುವ ಗೌಂಡಿಯ ಮಾತಿಗೆ ತಲೆದೂಗಬೇಡಿ. ಮೇಲಿನ ಗ್ರಾನೈಟಿನ ಭಾರ ಹೊತ್ತಿರುವುದು ಅದೇ ಕಲ್ಲು. ಹೊಸದಾಗಿ ಅಡಿಗೆಮನೆ ಮಾಡಿಸುವವರಿಗೆ ಕಪಾಟಿನ ಮಷೀನು ಸರಿ. ಬಾಡಿಗೆ ಮನೆಯವರಿಗೂ ಹಳೆಯ ಕಡಪಾ ಕಟ್ಟೆಯವರಿಗೂ ಬೇಡ. ಅವರು ಕಟ್ಟೆಯ ಮೇಲಿನದನ್ನು ನೋಡಲಿ.

ಮುಂದಿನದನ್ನು ಅಂಗಡಿಯಲ್ಲಿ ಹೇಳುವವರು ಕಡಿಮೆ, ನಿಧಾನವಾಗಿ ಓದಿ. ಮಷೀನಿನೊಳಗೆ ನೀರು ಹೋಗಲು ಒತ್ತಡ ಬೇಕು. ಬಹಳಷ್ಟು ಮಷೀನುಗಳ ಪುಸ್ತಿಕೆಯಲ್ಲಿ ಕನಿಷ್ಠ 0.3ರಿಂದ 0.5 ಬಾರ್ ಎಂದಿರುತ್ತದೆ. ಹತ್ತು ಅಡಿ ಎತ್ತರದ ನೀರಿನ ಒತ್ತಡ ಸುಮಾರು 0.3 ಬಾರ್. ಒಂದೇ ಅಂತಸ್ತಿನ ಮನೆ, ಮಾಳಿಗೆಯ ಮೇಲೆ ಟಾಕಿ ಎಂದುಕೊಳ್ಳಿ. ಟಾಕಿಯ ತಳ ಅಡಿಗೆಮನೆಯ ನೆಲದಿಂದ ಹನ್ನೊಂದು–ಹನ್ನೆರಡು ಅಡಿ ಮೇಲಿರುತ್ತದೆ. ಮಷೀನನ್ನು ಮೂರಡಿ ಎತ್ತರಿಸಿದಿರಿ. ಉಳಿದದ್ದು ಎಂಟು–ಒಂಬತ್ತು ಅಡಿ. ಟಾಕಿ ತುಂಬಿದ ದಿನ ಮಷೀನು ನಡೆದೀತು, ಅರ್ಧಕ್ಕಿಳಿದ ದಿನ ಕೆಂಪು ದೀಪ ತೋರಿಸಿ ನಿಂತೀತು. ಟಾಕಿಗೆ ಸ್ಟ್ಯಾಂಡ್ ಹಾಕಿಸಬೇಕು, ಇಲ್ಲವೇ ಚಿಕ್ಕ ಪ್ರೆಷರ್ ಪಂಪು ಬೇಕು. ಆ ಖರ್ಚನ್ನೂ ಮಷೀನಿನ ಬೆಲೆಯಲ್ಲೇ ಸೇರಿಸಿ ನೋಡಿ. ಕೆಲವು ದಿನಗಳಿಗೊಮ್ಮೆ ಬರುವ ನಳದ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟು ಬಳಸುವ ಮನೆಗಂತೂ ಈ ವಿಚಾರವೇ ಬೇಡ.

ನೀರು ಉಳಿಯುತ್ತದೆಯೇ? ಒಂದು ಸಲಕ್ಕೆ ಚಿಕ್ಕ ಮಷೀನು ಹತ್ತು ಲೀಟರಿನೊಳಗೆ ಮುಗಿಸುತ್ತದೆ. ನಳ ಬಿಟ್ಟುಕೊಂಡು ತೊಳೆಯುವವರಿಗೆ ದೊಡ್ಡ ಉಳಿತಾಯ. ಆದರೆ ಬಕೆಟ್ಟು–ಟಬ್ಬಿನಲ್ಲಿ ಅಳೆದು ಬಳಸಿ ರೂಢಿಯಾದ ನಮ್ಮ ಹೆಣ್ಣುಮಕ್ಕಳಿಗೆ ಅದೇನೂ ಅಚ್ಚರಿಯ ಅಂಕಿಯಲ್ಲ.

ಗಡಸು ನೀರು ಇನ್ನೊಂದು ತೊಡಕು. ಜತ್ತ, ಅಕ್ಕಲಕೋಟೆ, ಆದವಾನಿ, ರಾಯದುರ್ಗದ ಕಡೆ ಬೋರಿನ ನೀರು ಕಾಸಿದ ಪಾತ್ರೆಯಲ್ಲಿ ಬಿಳಿ ಪದರ ಕೂಡುವುದು ಎಲ್ಲರಿಗೂ ಗೊತ್ತು. ಕಾಸರಗೋಡು, ನೀಲಗಿರಿಯ ಸದಸ್ಯರಿಗೆ ಇದು ಅಷ್ಟಾಗಿ ತಟ್ಟದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 600ರ ವರೆಗೆ ನಡೆಯುತ್ತದೆ. ನಿಮ್ಮ ನೀರಿನ ಅಂಕಿ ಎಷ್ಟೆಂದು ಪರೀಕ್ಷೆ ಮಾಡಿಸಿ, ಮಷೀನು ಎಷ್ಟನ್ನು ತಡೆದೀತೆಂದು ಪುಸ್ತಿಕೆಯಲ್ಲಿ ನೋಡಿ. ಆರ್‌ಓ ರಿಪೇರಿಗೆ ಬರುವ ಹುಡುಗ ತೋರಿಸುವ ಟಿಡಿಎಸ್ ಅಂಕಿ ಬೇರೆ, ಗಡಸುತನ ಬೇರೆ. ನೀರನ್ನು ಮೆದು ಮಾಡಲು ಮಷೀನಿನಲ್ಲಿ ಉಪ್ಪಿನ ಗೂಡು ಇರುತ್ತದೆ. ಅದಕ್ಕೆ ಡಿಶ್‌ವಾಷರ್ ಉಪ್ಪೇ ಆಗಬೇಕು, ಅಡಿಗೆಯ ಪುಡಿಉಪ್ಪು ಹಾಕಬಾರದು. ನಮ್ಮ ನೀರಿಗೆ ಉಪ್ಪು ಬೇಗ ಬೇಗ ಖರ್ಚಾಗುತ್ತದೆ.

ಇನ್ನು ಭಾಂಡೆ. ಅಂಗಡಿಯವರು "ಆರು ಜನರದ್ದು, ಎಂಟು ಜನರದ್ದು" ಎಂದು ಹೇಳುವ ಲೆಕ್ಕ ಪರದೇಶದ ಚಪ್ಪಟೆ ತಟ್ಟೆ, ಕಪ್ಪು–ಬಸಿ, ಚಮಚಗಳದ್ದು. ನಮ್ಮ ಅಂಚುಳ್ಳ ಸ್ಟೀಲ್ ತಾಟು, ವಾಟಿ, ತಂಬಿಗೆ, ಬೋಗುಣಿಗೆ ಆ ಲೆಕ್ಕ ಕೂಡದು. ಮೂರು–ನಾಲ್ಕು ಜನರ ಒಂದು ಹೊತ್ತಿನ ಊಟದ ಭಾಂಡೆ ಎಂದು ಹಿಡಿಯಿರಿ. ನಿಮ್ಮ ಮನೆಯ ಅತಿ ದೊಡ್ಡ ತಾಟನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಒಯ್ಯಿರಿ, ಒಳಗಿಟ್ಟು ಬಾಗಿಲು ಹಾಕಿ ನೋಡಿ. ನಾಚಿಕೆ ಏನೂ ಇಲ್ಲ. ಹಿಟ್ಟು ನಾದುವ ಪರಾತ ಹಿಡಿಸುವುದಿಲ್ಲ. ಕಬ್ಬಿಣದ ಹಂಚು ಹಾಕಿದರೆ ಪಳಗಿದ ಎಣ್ಣೆಯ ಪದರ ಹೋಗಿ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಕುಕ್ಕರು ಕಪ್ಪಾಗುತ್ತದೆ, ಹಿತ್ತಾಳೆ–ತಾಮ್ರದ ಬಣ್ಣ ಕೆಡುತ್ತದೆ, ಕಟ್ಟಿಗೆಯ ಸೌಟು ಸೀಳುತ್ತದೆ. ಅಂದರೆ ಕೈಯಿಂದ ತೊಳೆಯುವುದು ಪೂರ್ತಿ ನಿಲ್ಲುವುದಿಲ್ಲ.

ಮನೆಗೆ ಬರುವ ಬಾಯಿಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಮಷೀನು ಬರುತ್ತದೆಂದು ಅವಳನ್ನು ಮುಂಚೆಯೇ ಬಿಡಿಸಿದವರು ಆಮೇಲೆ ಹಂಚು, ಕುಕ್ಕರು, ಪರಾತಕ್ಕಾಗಿ ಹೊಸಬಳನ್ನು ಹುಡುಕಬೇಕಾಗುತ್ತದೆ. ವರ್ಷಗಟ್ಟಲೆ ಬಂದವಳಿಗೆ ಕೆಲಸ ಕಡಿಮೆಯಾದರೆ ಬೇರೆ ಕೆಲಸ ಕೊಟ್ಟು ಉಳಿಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಅವಳೊಂದಿಗೆ ಮೊದಲೇ ಮಾತಾಡಿ.

ಕರೆಂಟಿನದು ದೊಡ್ಡ ಮಾತಲ್ಲ. ಒಂದು ಸಲಕ್ಕೆ ಅರ್ಧದಿಂದ ಒಂದು ಯೂನಿಟ್ಟು. ಆದರೆ ನೀರು ಕಾಸುವಾಗ ಎರಡು ಸಾವಿರ ವ್ಯಾಟಿನ ಹತ್ತಿರ ಎಳೆಯುವುದರಿಂದ 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗ್ ಇರಲೇಬೇಕು. ಮನೆಯ ಚಿಕ್ಕ ಇನ್ವರ್ಟರಿಗೆ ಇದು ಆಗದು. ಸಾಕೆಟ್ಟನ್ನೂ ನೀರಿನ ನಳವನ್ನೂ ಮಷೀನಿನ ಬೆನ್ನಿಗೆ ಹಾಕಿಸದೆ ಪಕ್ಕದ ಖಾನೆಯಲ್ಲಿ ಹಾಕಿಸಿ. ಕಪಾಟಿನೊಳಗೆ ನೀರು ಸೋರಿದರೆ ಪ್ಲೈವುಡ್ ಉಬ್ಬಿದ ಮೇಲೆಯೇ ಗೊತ್ತಾಗುವುದು. ಆಗ ನಳ ಬಂದ್ ಮಾಡಲು ಮಷೀನನ್ನೇ ಹೊರಗೆಳೆಯುವ ಪಾಳಿ ಬರಬಾರದು.

ಮಕ್ಕಳು ಫೋನಿನಲ್ಲೇ ಆರ್ಡರ್ ಹಾಕುವ ಮೊದಲು, ದಿನಾ ಭಾಂಡೆ ತಿಕ್ಕುವವರನ್ನು ಒಂದು ಮಾತು ಕೇಳಲಿ: ಯಾವ ಭಾಂಡೆ ಹೆಚ್ಚು ಕಾಡುತ್ತದೆ? ತಾಟು–ವಾಟಿ ಎಂದರೆ ಮಷೀನು ಉಪಯೋಗಕ್ಕೆ ಬಂದೀತು. ಹಂಚು–ಕುಕ್ಕರು ಎಂದರೆ ಆ ರೊಕ್ಕದಲ್ಲಿ ಬೇರೆ ಏನಾದರೂ ಮಾಡಿಸಲಿ.

ಪುಸ್ತಿಕೆಯ ಇಂಗ್ಲಿಷು ತೊಡಕೆನಿಸಿದವರು ಸಂಜೆ ಕಚೇರಿಗೆ ತನ್ನಿ, ಕೂತು ಓದೋಣ. ಅಳತೆ ಟೇಪೂ ಕಚೇರಿಯಲ್ಲಿದೆ. ಒಯ್ದವರು ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬೇಕು.

– ಕಾರ್ಯದರ್ಶಿ